ಬೆನ್ನುಹುರಿಗೆ ಪೆಟ್ಟು: ರಾಡ್ ಹಾಕಿದ ಮೇಲೇನು?

ಹುಬ್ಬಳ್ಳಿಯ ಯಾವುದೇ ದೊಡ್ಡ ಆಸ್ಪತ್ರೆಯ ಎಲುಬಿನ ವಾರ್ಡಿನ ಹೊರಗೆ ನಿಂತರೆ ಒಂದು ಪ್ರಶ್ನೆ ಕಿವಿಗೆ ಬೀಳುತ್ತದೆ. "ಆಪರೇಷನ್ ಆತಲ್ರಿ ಸರ, ಇನ್ನ ಯಾವಾಗ ಅಡ್ಡಾಡ್ತಾನ್ರಿ?" ಡಾಕ್ಟರು "ನೋಡೋಣ" ಅನ್ನುತ್ತಾರೆ. ಆ "ನೋಡೋಣ"ದ ಹಿಂದೆ ಉದ್ದದ ಕಥೆ ಇದೆ.

ಎದೆಯ ಹಿಂದೆ ಬೆನ್ನೆಲುಬಿನ 12 ಮಣಿಗಳಿವೆ. ಪಕ್ಕೆಲುಬುಗಳು ಇವಕ್ಕೇ ಕೂಡಿಕೊಂಡಿರುವುದರಿಂದ ಈ ಭಾಗ ಗಟ್ಟಿ. ಎಲುಬು ಸವೆದ ವಯಸ್ಸಾದವರನ್ನು ಬಿಟ್ಟರೆ, ಸುಮ್ನೆ ಜಾರಿ ಬಿದ್ದರೆ ಇದು ಮುರಿಯುವುದು ಅಪರೂಪ. ಹೈವೇ ಡಿಕ್ಕಿಯೋ, ಮಗುಚಿದ ಟ್ರ್ಯಾಕ್ಟರೋ, ಹುಣಸೆಮರದ ತುದಿಯೋ ಬೇಕು. ಆದರೆ ಒಳಗೆ ಬೆನ್ನುಹುರಿ ಹಾದುಹೋಗುವ ಓಣಿ ಇಲ್ಲಿ ತೀರಾ ಇಕ್ಕಟ್ಟು. ಮುರಿದ ಚೂರು ಒಳಗೆ ಸರಿದರೆ ಹುರಿಗೆ ಜಾಗವೇ ಇರುವುದಿಲ್ಲ. ಸಾಮಾನ್ಯವಾಗಿ ಕೈ ಚೆನ್ನಾಗಿರುತ್ತವೆ, ಮಾತೂ ಸರಿ. ಪೆಟ್ಟಾದ ಜಾಗದ ಕೆಳಗೆ ಸ್ವಾಧೀನ ಹೋಗುತ್ತದೆ. ಮುಟ್ಟಿದ್ದು ಗೊತ್ತಾಗುವುದಿಲ್ಲ, ಮಲಮೂತ್ರದ ಹಿಡಿತವೂ ತಪ್ಪುತ್ತದೆ.

ಪ್ರಾಚೀನ ಈಜಿಪ್ಟಿನ ವೈದ್ಯರು ಇಂಥ ಪೆಟ್ಟನ್ನು "ಚಿಕಿತ್ಸೆ ಮಾಡುವಂಥದ್ದಲ್ಲ" ಎಂದು ಬರೆದಿಟ್ಟರು. ಮೊದಲ ಮಹಾಯುದ್ಧದವರೆಗೂ ಪರಿಸ್ಥಿತಿ ಹೆಚ್ಚುಕಡಿಮೆ ಅದೇ. ಸೈನಿಕರ ಜೀವ ತೆಗೆಯುತ್ತಿದ್ದದ್ದು ಹೆಚ್ಚಾಗಿ ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಲುಡ್ವಿಗ್ ಗುಟ್ಮನ್ ಎಂಬ ಡಾಕ್ಟರು ಮಾಡಿದ್ದು ದೊಡ್ಡ ಮ್ಯಾಜಿಕ್ ಏನಲ್ಲ. ಎರಡು ತಾಸಿಗೊಮ್ಮೆ ರೋಗಿಯನ್ನು ಹೊರಳಿಸಿದರು, ಮೂತ್ರಕೋಶ ಕಾಪಾಡಿದರು, ಆಟ ಆಡಿಸಿದರು. ಜನ ಬದುಕಿದರು. ಆ ಆಟಗಳೇ ಮುಂದೆ ಪ್ಯಾರಾಲಿಂಪಿಕ್ಸ್ ಆದವು. ನಮ್ಮಲ್ಲಿ 1954ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಡಾ. ಮೇರಿ ವರ್ಗೀಸ್, ವ್ಹೀಲ್‌ಚೇರಿನಲ್ಲಿ ಕೂತೇ ಆಪರೇಷನ್ ಮಾಡಿದರು. ವೆಲ್ಲೂರಿನಲ್ಲಿ ಪುನರ್ವಸತಿ ಕೇಂದ್ರ ಕಟ್ಟಿದರು.

1990ರ ಹೊತ್ತಿಗೆ ಸ್ಟಿರಾಯ್ಡ್ ಔಷಧದ ಮೇಲೆ ಭರವಸೆ ಹುಟ್ಟಿತು, ನಂತರ ಇಳಿಯಿತು. ಈಗ ಸ್ಕ್ರೂ, ರಾಡ್‌ಗಳ ಕಾಲ. ಹುರಿಯ ಮೇಲಿನ ಒತ್ತಡವನ್ನು ಸಾಧ್ಯವಾದರೆ 24 ತಾಸಿನೊಳಗೆ ತೆಗೆಯಬೇಕು, ಎಲುಬನ್ನು ಅಲುಗದಂತೆ ನಿಲ್ಲಿಸಬೇಕು. ರಾಡ್ ಎಲುಬಿಗೆ ಆಸರೆ ಕೊಡುತ್ತದೆ. ಹುರಿಯನ್ನು ಹೊಲಿಯುವುದಿಲ್ಲ. ಮನೆಯವರಿಗೆ ಅರ್ಥವಾಗದೆ ಉಳಿಯುವುದು ಇದೇ, ಯಾರೂ ಕೂತು ಹೇಳಿರುವುದೂ ಇಲ್ಲ.

ನಮ್ಮ ಭಾಗದಲ್ಲಿ 24 ತಾಸು ಹೇಗೆ ಕರಗುತ್ತವೆ ಅಂತೀರಾ? ತಾಲ್ಲೂಕಿನಲ್ಲಿ ಒಂದು ಎಕ್ಸ್‌ರೇ, ಜಿಲ್ಲಾಸ್ಪತ್ರೆಯಲ್ಲಿ ಇನ್ನೊಂದು, ಹುಬ್ಬಳ್ಳಿಗೆ ಬಂದ ಮೇಲೆ ಎಂಆರ್‌ಐ. 2008ರಲ್ಲಿ 108 ಆಂಬುಲೆನ್ಸ್ ಬಂದಿದ್ದು ದೊಡ್ಡ ಬದಲಾವಣೆ. ಆದರೂ ಬಿದ್ದವನನ್ನು ಕಂಕುಳಿಗೆ ಕೈ ಹಾಕಿ, ಕಾಲು ಹಿಡಿದು ಎತ್ತಿ, ಸಿಕ್ಕ ಗಾಡಿಯಲ್ಲಿ ಕೂರಿಸುವ ರೂಢಿ ಹೋಗಿಲ್ಲ. ಪ್ರೀತಿಯಿಂದಲೇ ಎತ್ತುತ್ತಾರೆ, ಮುರಿದ ಎಲುಬಿಗೆ ಅದು ತಿಳಿಯಬೇಕಲ್ಲ! ಉಸಿರಾಟ ಸರಿಯಿದ್ದು, ಸುತ್ತ ಬೇರೆ ಅಪಾಯವಿಲ್ಲದಿದ್ದರೆ ಅಲ್ಲಾಡಿಸದೆ ಕಾಯಬೇಕು. ಎತ್ತಲೇಬೇಕಾದರೆ ನಾಲ್ಕೈದು ಜನ ಸೇರಿ, ತಲೆ-ಬೆನ್ನು ಒಂದೇ ಸಾಲಿನಲ್ಲಿಟ್ಟು ಹಲಗೆಗೆ ಹೊರಳಿಸಬೇಕು.

ಹುಬ್ಬಳ್ಳಿ-ಧಾರವಾಡ ಬೈಪಾಸ್ ವರ್ಷಗಟ್ಟಲೆ ಎರಡೇ ಪಥದಲ್ಲಿ ಉಳಿದಿತ್ತು. 2021ರ ಜನವರಿಯಲ್ಲಿ ಇಟಿಗಟ್ಟಿ ಬಳಿಯ ಅಪಘಾತದ ನಂತರ ಅಗಲ ಮಾಡಬೇಕೆಂಬ ಕೂಗು ಜೋರಾಯಿತು. ಸತ್ತವರ ಲೆಕ್ಕ ಪೇಪರಿನಲ್ಲಿ ಬರುತ್ತದೆ. ಬದುಕಿದವರು "ಗಾಯಾಳು" ಎಂಬ ಒಂದು ಪದದಲ್ಲಿ ಮುಗಿದುಹೋಗುತ್ತಾರೆ. ಅವರ ಮುಂದಿನ ಇಪ್ಪತ್ತು ವರ್ಷ ಯಾರ ವರದಿಯಲ್ಲೂ ಇಲ್ಲ.

ಆ ವರ್ಷಗಳನ್ನು ನಾನು ನೋಡಿದ್ದು ಹಾನಗಲ್ ಕಡೆಯ ಒಂದು ಮನೆಯಲ್ಲಿ. ಹುಡುಗ ಹುಣಸೆ ಬಡಿಯಲು ಹತ್ತಿ ಬಿದ್ದಿದ್ದ. ಎದೆಯ ಐದನೇ ಮಣಿಯ ಬಳಿ ಪೆಟ್ಟು. ಆಪರೇಷನ್ ಆಯಿತು, ಡಿಸ್ಚಾರ್ಜ್ ಚೀಟಿಯಲ್ಲಿ "ಫಿಸಿಯೋಥೆರಪಿ" ಅಂತ ಒಂದೇ ಪದ. ಎರಡು ತಿಂಗಳಿಗೆ ಬೆನ್ನ ಕೆಳಗೆ ಅಂಗೈಯಗಲ ಹುಣ್ಣು. ಅದಕ್ಕೆ ಮತ್ತೆ ಆಸ್ಪತ್ರೆ, ಮತ್ತೆ ಸಾಲ. ಒಮ್ಮೆ ತಲೆ ಸಿಡಿದು ಮುಖವೆಲ್ಲ ಬೆವರಿತು. ಗ್ಯಾಸ್ ಇರಬೇಕೆಂದು ಸೋಡಾ ಕುಡಿಸಿದರು. ನಿಜವಾಗಿ ಮೂತ್ರದ ಪೈಪು ಮಡಚಿಕೊಂಡು ಬಿಪಿ ಏರಿತ್ತು. ಎದೆಯ ಆರನೇ ಮಣಿಯ ಮಟ್ಟದಲ್ಲೋ ಅದರ ಮೇಲೋ ಪೆಟ್ಟಾದವರಿಗೆ ಇದು ಜೀವಕ್ಕೇ ಅಪಾಯ. ಎಬ್ಬಿಸಿ ಕೂರಿಸಿ, ಪೈಪು ಸರಿಮಾಡಬೇಕು. ಇಳಿಯದಿದ್ದರೆ ತಕ್ಷಣ ಆಸ್ಪತ್ರೆ.

ಇದನ್ನೆಲ್ಲ ಅವರಿಗೆ ಕಲಿಸಿದ್ದು ಇಂಥದ್ದೇ ಪೆಟ್ಟು ತಿಂದ ಪಕ್ಕದೂರಿನ ಒಬ್ಬರು, ಫೋನಿನಲ್ಲಿ. ತೊಳೆದ ಕೈಯಿಂದ ದಿನಕ್ಕೆ ನಾಲ್ಕೈದು ಸಲ ತಾನೇ ಪೈಪು ಹಾಕಿ ಮೂತ್ರ ತೆಗೆಯುವುದು, ಚರ್ಮವನ್ನು ದಿನಾ ಕನ್ನಡಿಯಲ್ಲಿ ನೋಡಿಕೊಳ್ಳುವುದು. ಗುಟ್ಮನ್ ಹೇಳಿದ ಪಾಠವೇ, ಅಲ್ವಾ? ಇಲ್ಲಿಗೆ ತಲುಪಲು ಎಂಬತ್ತು ವರ್ಷ ಹಿಡಿಯಿತು.

ನಾನಿದ್ದಾಗಲೇ ಅವ್ವನ ಮೊಬೈಲ್ ಅಲಾರಂ ಹೊಡೆಯಿತು. "ಹೊರಳೋ ಹೊತ್ತಾತು ನೋಡ್ರಿ" ಎಂದು ಆಕೆ ಕೌದಿ ಮಡಚಿ ತಂದರು. ಹುಡುಗ ಜಂತಿಗೆ ಕಟ್ಟಿದ ಹಗ್ಗ ಹಿಡಿದು ತಾನೇ ಮಗ್ಗುಲಾದ. ಆಮೇಲೆ ಕ್ಷೌರದ ಕನ್ನಡಿ ಕೇಳಿದ.