ಬೆಂಕಿ ಇಟ್ಟವರೆಲ್ಲ ಪೈರೋಮೇನಿಯಾಕ್‌ಗಳಲ್ಲ

ಕಣದ ಹುಲ್ಲಿನ ಬಣವೆಗೆ ರಾತ್ರೋರಾತ್ರಿ ಬೆಂಕಿ ಬಿದ್ದರೆ ಊರವರು ‘ಯಾವನಿಗೆ ಹುಚ್ಚು ಹಿಡಿಯಿತು’ ಎಂದು ಕೇಳುವುದಿಲ್ಲ, ‘ಯಾರ ಜೊತೆ ತಕರಾರಿತ್ತು’ ಎಂದು ಕೇಳುತ್ತಾರೆ. ಬದುವಿನ ಜಗಳ, ಪಾಲಿನ ವ್ಯಾಜ್ಯ, ಮುರಿದ ಸಂಬಂಧ, ಹೀಗೆ ಹುಡುಕಾಟ ಹೊರಡುತ್ತದೆ. ಪಶ್ಚಿಮದ ಮನೋವೈದ್ಯಶಾಸ್ತ್ರ ಈ ಪ್ರಶ್ನೆಯ ಹತ್ತಿರ ಬರಲು ಹೆಚ್ಚುಕಡಿಮೆ ಒಂದೂವರೆ ಶತಮಾನ ಹಿಡಿಯಿತು.

ಅಲ್ಲಿ ಚರ್ಚೆ ಶುರುವಾದದ್ದು ಮನೆಗೆಲಸದ ಹುಡುಗಿಯರಿಂದ. 19ನೇ ಶತಮಾನದ ಆರಂಭದ ಜರ್ಮನಿಯಲ್ಲಿ ಬಡವರ ಮಕ್ಕಳನ್ನು ಹದಿಹರೆಯಕ್ಕೆ ಬರುತ್ತಲೇ ಪರರ ಮನೆಗೆ ಕೆಲಸಕ್ಕೆ ಕಳಿಸುತ್ತಿದ್ದರು. ಅವರಲ್ಲಿ ಕೆಲವರು ಒಡೆಯನ ಮನೆಗೋ ಕೊಟ್ಟಿಗೆಗೋ ಬೆಂಕಿ ಇಟ್ಟು ಸಿಕ್ಕಿಬೀಳುತ್ತಿದ್ದರು. ಮೈನೆರೆಯುವ ವಯಸ್ಸಿನ ಏರುಪೇರಿನಿಂದ ಬೆಂಕಿಯ ಹಂಬಲ ಹುಟ್ಟುತ್ತದೆ ಎಂದು ವೈದ್ಯರು ವಿವರಿಸಿದರು. ಉಳಿದೆಲ್ಲ ವಿಷಯದಲ್ಲಿ ಸರಿಯಿರುವ ಮನಸ್ಸು ಒಂದೇ ಒಂದು ಕಡೆ ಕೆಟ್ಟಿರಬಹುದು ಎಂಬ ಫ್ರೆಂಚ್ ಮನೋವೈದ್ಯ ಎಸ್ಕಿರೋಲ್‌ನ ‘ಮೋನೋಮೇನಿಯಾ’ ವಾದವೂ ಜೊತೆಗೂಡಿತು. 1833ರಲ್ಲಿ ಫ್ರಾನ್ಸಿನ ವೈದ್ಯ ಮಾರ್ಕ್ ಬೆಂಕಿ ಇಡುವ ಈ ಹಂಬಲಕ್ಕೆ ‘ಪೈರೋಮೇನಿಯಾ’ ಎಂದು ಹೆಸರಿಟ್ಟ. ಕಕ್ಷಿದಾರರನ್ನು ಶಿಕ್ಷೆಯಿಂದ ಉಳಿಸಬೇಕಾಗಿದ್ದ ವಕೀಲರಿಗೆ ಈ ಪದ ಕೈಗೆ ಬಂದ ತುತ್ತಿನಂತಾಯಿತು. 1845ರಲ್ಲೇ ಜರ್ಮನಿಯ ಮನೋವೈದ್ಯ ಗ್ರೀಸಿಂಗರ್ ಆ ಪದವನ್ನು ಕೈಬಿಡಿ ಎಂದ: ಬೆಂಕಿ ಇಡುವುದು ಕೃತ್ಯ, ಅದೇ ರೋಗವಲ್ಲ, ಅದರ ಹಿಂದೆ ಯಾವ ರೋಗವಾದರೂ ಇದೆಯೇ ಎಂದು ನೋಡಬೇಕು.

ಆ ಹುಡುಗಿಯರ ಮಾತನ್ನು ಕಿವಿಗೊಟ್ಟು ಕೇಳಿದವನು, ಮುಂದೆ ತತ್ತ್ವಜ್ಞಾನಿಯೆಂದು ಹೆಸರಾದ ಕಾರ್ಲ್ ಯಾಸ್ಪರ್ಸ್. 1909ರ ಅವನ ವೈದ್ಯಕೀಯ ಪ್ರಬಂಧದ ವಿಷಯವೇ ಮನೆಯ ಹಂಬಲ ಮತ್ತು ಅಪರಾಧ. ಈ ಮನೆ ಸುಟ್ಟುಹೋದರೆ ನನ್ನನ್ನು ಅಮ್ಮನ ಹತ್ತಿರ ಕಳಿಸುತ್ತಾರೆ ಎಂಬುದು ಆ ಎಳೆಯರ ಲೆಕ್ಕ. ಹುಚ್ಚಿಗಿಂತ ಇದು ಎಷ್ಟೋ ಸರಳ, ಎಷ್ಟೋ ಸಂಕಟದ್ದು.

ಆಮೇಲೆ ಫ್ರಾಯ್ಡ್ ಬೆಂಕಿಗೂ ಮೂತ್ರಕ್ಕೂ ಗಂಟು ಹಾಕಿದ. ಅದರ ಬಗ್ಗೆ ಇಷ್ಟು ಸಾಕು. ಆದರೂ 1963ರಲ್ಲಿ ಮನೋವೈದ್ಯ ಮ್ಯಾಕ್‌ಡೊನಾಲ್ಡ್ ಕೊಲೆ ಬೆದರಿಕೆ ಹಾಕಿದ 100 ರೋಗಿಗಳ ಬಗ್ಗೆ ಬರೆದಾಗ ಹಾಸಿಗೆ ಒದ್ದೆ ಮಾಡುವುದು, ಪ್ರಾಣಿಹಿಂಸೆ, ಬೆಂಕಿ ಹಚ್ಚುವುದು ಎಂಬ ಮೂರನ್ನು ಒಟ್ಟಿಗೆ ಇಟ್ಟ. ಮುಂದಿನ ಅಧ್ಯಯನದಲ್ಲಿ ಅವನಿಗೇ ಅದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಸರಣಿ ಹಂತಕರ ಕಥೆಗಳು ಮಾತ್ರ ಈ ‘ತ್ರಿವಳಿ’ಯನ್ನು ಇವತ್ತಿಗೂ ಬಿಟ್ಟಿಲ್ಲ.

ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ 1968ರಲ್ಲಿ ಪೈರೋಮೇನಿಯಾವನ್ನು ಕೈಬಿಟ್ಟು 1980ರಲ್ಲಿ ಮತ್ತೆ ಸೇರಿಸಿಕೊಂಡಿತು. ಈಗಿನ ಮಾನದಂಡ ಬಿಗಿ. ಒಂದಕ್ಕಿಂತ ಹೆಚ್ಚು ಬಾರಿ ಬೇಕೆಂದೇ ಹಚ್ಚಿರಬೇಕು. ಹಚ್ಚುವ ಮುನ್ನ ಒಳಗೊಂದು ಬಿಗಿತ, ಹಚ್ಚಿದ ಮೇಲೆ ಸುಖ ಅಥವಾ ನಿರಾಳ ಇರಬೇಕು. ಬೆಂಕಿಯ ಬಗ್ಗೆ ತೀರದ ಸೆಳೆತವಿರಬೇಕು. ಹಣ, ರಾಜಕೀಯ, ಸೇಡು, ಇನ್ನೊಂದು ಅಪರಾಧ ಮುಚ್ಚುವ ಉದ್ದೇಶ, ಭ್ರಮೆ, ಅಮಲು ಇವುಗಳಲ್ಲಿ ಯಾವುದಾದರೂ ಕಾರಣವಾಗಿದ್ದರೆ ಪೈರೋಮೇನಿಯಾ ಅಲ್ಲ. ಈ ಜರಡಿಯಲ್ಲಿ ಉಳಿಯುವವರು ಎಷ್ಟು? ಫಿನ್ಲೆಂಡ್‌ನಲ್ಲಿ ಪದೇ ಪದೇ ಬೆಂಕಿ ಇಟ್ಟು ಮನೋವೈದ್ಯ ತಪಾಸಣೆಗೆ ಬಂದ 90 ಗಂಡಸರ ಕಡತಗಳನ್ನು 2005ರ ಅಧ್ಯಯನವೊಂದು ಜಾಲಾಡಿತು. ಸಿಕ್ಕವರು ಮೂವರು. ಇನ್ನೂ ಒಂಬತ್ತು ಮಂದಿ ಕುಡಿದಿದ್ದ ಕಾರಣಕ್ಕೆ ಲೆಕ್ಕದಿಂದ ಹೊರಗುಳಿದರು.

ಹಾಗೆಂದು ಕಾಯಿಲೆಗೆ ಪಾತ್ರವೇ ಇಲ್ಲವೆಂದಲ್ಲ. ಸ್ವೀಡನ್‌ನಲ್ಲಿ 1988ರಿಂದ 2000ರವರೆಗೆ ಬೆಂಕಿ ಇಟ್ಟದ್ದಕ್ಕೆ ಶಿಕ್ಷೆಯಾದವರನ್ನು ಸಾಮಾನ್ಯ ಜನರೊಂದಿಗೆ ಹೋಲಿಸಿದಾಗ ಸ್ಕಿಜೋಫ್ರೇನಿಯಾದ ನಂಟು 20 ಪಟ್ಟಿಗೂ ಮಿಗಿಲಾಗಿತ್ತು. ಆದರೆ ಸ್ಕಿಜೋಫ್ರೇನಿಯಾ ಇರುವ ಬಹುಪಾಲು ಜನ ಎಲ್ಲಿಯೂ ಬೆಂಕಿ ಇಡುವುದಿಲ್ಲ. ಮರೆಮಾಚಲು ಬಾರದ, ಅಡಗಲು ಬಾರದ ಇಂಥವರೇ ಬೇಗ ಸಿಕ್ಕಿಬೀಳುತ್ತಾರೆ ಎಂಬುದೂ ನೆನಪಿರಲಿ.

1987ರಲ್ಲಿ ಬ್ರಿಟನ್ನಿನ ಸಂಶೋಧಕ ಜಾಕ್ಸನ್ ಮತ್ತು ಸಂಗಡಿಗರು ಪ್ರಶ್ನೆಯನ್ನೇ ಬದಲಿಸಿದರು. ಎದುರುನಿಂತು ಮಾತಾಡಲಾರದವನಿಗೆ ಬೆಂಕಿ ಏನು ಗಿಟ್ಟಿಸಿಕೊಡುತ್ತದೆ? ಜನ ಓಡಿಬರುತ್ತಾರೆ, ಶತ್ರು ನಷ್ಟ ಅನುಭವಿಸುತ್ತಾನೆ, ಹಚ್ಚಿದವನು ಮುಖ ತೋರಿಸಬೇಕಿಲ್ಲ. 2012ರಲ್ಲಿ ಕೆಂಟ್ ವಿಶ್ವವಿದ್ಯಾಲಯದ ಥೆರೆಸಾ ಗ್ಯಾನನ್ ತಂಡ ಬೆಂಕಿ ಇಡುವತ್ತ ಒಯ್ಯುವ ಐದು ಹಾದಿಗಳನ್ನು ಗುರುತಿಸಿತು. ಅವುಗಳಲ್ಲಿ ಒಂದು ಶುದ್ಧ ಕುಂದುಕೊರತೆ, ಬಣವೆಯ ಪಕ್ಕ ನಿಂತವರು ಕೇಳುವುದೇ ಅದನ್ನು.

ತಪಾಸಣೆಯ ಕೋಣೆಯಲ್ಲಿ ಇದರ ರೂಪ ಹೀಗೆ. ಹಿಂದಿನ ದಿನದಿಂದ ಹಿಡಿದು ಒಂದೊಂದೇ ಗಂಟೆಯನ್ನು ಬಿಡಿಸಬೇಕು. ಬೆಂಕಿಪೊಟ್ಟಣ ಜೇಬಿನಲ್ಲಿತ್ತೋ, ಹುಡುಕಿ ತಂದದ್ದೋ? ಒಳಗೆ ಜನರಿದ್ದದ್ದು ಗೊತ್ತಿತ್ತೇ? ಆಮೇಲೆ ಓಡಿದನೇ, ಆರಿಸಲು ಹೋದನೇ, ತಾನೇ ಫೋನ್ ಮಾಡಿದನೇ? ಚಿಕ್ಕಂದಿನಲ್ಲಿ ಹಚ್ಚಿ ಯಾರಿಗೂ ತಿಳಿಯದೆ ಹೋದ ಬೆಂಕಿಗಳನ್ನೂ ಕೇಳಬೇಕು. ‘ಬೆಂಕಿ ನೋಡಲು ಇಷ್ಟವೇ’ ಎಂಬ ಪ್ರಶ್ನೆ ನಿಷ್ಪ್ರಯೋಜಕ, ಯಾರಾದರೂ ಹೌದೆನ್ನುತ್ತಾರೆ. ನಿಂತು ನೋಡಿದ್ದೇ ಲಕ್ಷಣವಾದರೆ ಅಲ್ಲಿ ಸೇರಿದ ಜನರೆಲ್ಲ ರೋಗಿಗಳು. ಬುದ್ಧಿಮಾಂದ್ಯತೆ ಇರುವವರು ಉತ್ತರ ಅಡಗಿರುವ ಪ್ರಶ್ನೆಗೆ ತಲೆಯಾಡಿಸಿಬಿಡುತ್ತಾರೆ. ಅದಕ್ಕೇ ಪ್ರತಿ ಮಾತನ್ನೂ ಮಹಜರು ಮತ್ತು ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವರದಿಗೆ ಒರೆ ಹಚ್ಚಬೇಕು.

ನಮ್ಮ ಕಾನೂನಿನಲ್ಲಿ ರೋಗದ ಹೆಸರಿಗೆ ತೂಕವಿಲ್ಲ. ವಾಸದ ಮನೆಗೆ ಬೆಂಕಿ ಇಟ್ಟರೆ ಹಿಂದೆ ಐಪಿಸಿ 436, ಈಗ ಭಾರತೀಯ ನ್ಯಾಯ ಸಂಹಿತೆಯ 326(ಜಿ). ಜೀವಾವಧಿ ಅಥವಾ 10 ವರ್ಷಗಳವರೆಗೆ ಸೆರೆ. ಅದೇ ಸಂಹಿತೆಯ 22ನೇ ಕಲಂ ಕೇಳುವುದು ಒಂದೇ: ಆ ಗಳಿಗೆಯಲ್ಲಿ ತಾನೇನು ಮಾಡುತ್ತಿದ್ದೇನೆ ಎಂದಾಗಲಿ, ಅದು ತಪ್ಪು ಎಂದಾಗಲಿ ತಿಳಿಯಲಾರದಷ್ಟು ಮನಸ್ಸು ಕೆಟ್ಟಿತ್ತೇ? ‘ತಡೆಯಲಾಗಲಿಲ್ಲ’ ಎಂಬುದಷ್ಟೇ ಸಾಲದು.

ಇಷ್ಟೆಲ್ಲಕ್ಕೂ ಮೊದಲು ಬೆಂಕಿ ಯಾರಾದರೂ ಹಚ್ಚಿದ್ದೇ ಎಂಬುದು ತೀರ್ಮಾನವಾಗಿರಬೇಕು. 1991ರ ಡಿಸೆಂಬರ್‌ನಲ್ಲಿ ಟೆಕ್ಸಾಸ್‌ನ ಕೊರ್ಸಿಕಾನಾದಲ್ಲಿ ಕ್ಯಾಮೆರಾನ್ ಟಾಡ್ ವಿಲಿಂಗ್‌ಹ್ಯಾಮ್‌ನ ಮನೆ ಉರಿದು ಮೂವರು ಹೆಣ್ಣುಮಕ್ಕಳು ಸತ್ತರು. ನೆಲದ ಸುಟ್ಟ ಗುರುತು ಎಣ್ಣೆ ಸುರಿದದ್ದರಿಂದ, ಗಾಜಿನ ಸಣ್ಣ ಬಿರುಕುಗಳು ಎಣ್ಣೆಯ ಅತಿ ಶಾಖದಿಂದ ಎಂದು ಹೇಳಿ ತನಿಖೆಗಾರರು ಅವನನ್ನೇ ಆರೋಪಿಯಾಗಿಸಿದರು. ಆದರೆ ಕೋಣೆಯಿಡೀ ಒಮ್ಮೆಲೇ ಹೊತ್ತಿಕೊಂಡರೆ ಎಣ್ಣೆಯಿಲ್ಲದೆಯೂ ಅಂಥ ಗುರುತು ಬೀಳುತ್ತದೆ. ಕಾದ ಗಾಜಿಗೆ ನೀರು ತಾಗಿದರೂ ಅಂಥ ಬಿರುಕು ಮೂಡುತ್ತದೆ. ನ್ಯಾಯಾಲಯದಲ್ಲಿ ಒಬ್ಬ ಮನಶ್ಶಾಸ್ತ್ರಜ್ಞ ಅವನ ಮನೆಯ ಗೋಡೆಯ ಹೆವಿ ಮೆಟಲ್ ಪೋಸ್ಟರ್‌ನಲ್ಲಿ ಸಾವಿನ ಮೋಹ ಕಂಡ. ಮನೋವೈದ್ಯ ಗ್ರಿಗ್ಸನ್ ಅವನನ್ನು ತೀವ್ರ ಸಮಾಜಘಾತುಕನೆಂದ. ಇದೇ ಗ್ರಿಗ್ಸನ್‌ನನ್ನು ಅಮೆರಿಕದ ಮನೋವೈದ್ಯರ ಸಂಘ 1995ರಲ್ಲಿ ಹೊರಹಾಕಿತು. ಬೆಂಕಿ ಇಟ್ಟದ್ದಕ್ಕೆ ಸಾಕ್ಷ್ಯವೇ ಇಲ್ಲವೆಂಬ ರಸಾಯನತಜ್ಞ ಜೆರಾಲ್ಡ್ ಹರ್ಸ್ಟ್‌ನ ವರದಿ ಗವರ್ನರ್ ಕಚೇರಿಗೆ ತಲುಪಿತ್ತು. 2004ರ ಫೆಬ್ರವರಿ 17ರಂದು ವಿಲಿಂಗ್‌ಹ್ಯಾಮ್‌ನಿಗೆ ವಿಷದ ಚುಚ್ಚುಮದ್ದು ಕೊಡಲಾಯಿತು.