ಗೊಂಬೆಯ ಕಣ್ಣಿಗೆ ಆಳ ಬಂದ ಕಥೆ

ಕಣ್ಣಿನ ನಡುವಿನ ಕಪ್ಪು ಚುಕ್ಕೆಗೆ ನಾವು ಪಾಪೆ ಅಂತೀವಿ. ಪಾಪೆ ಅಂದರೆ ಗೊಂಬೆ ಎಂಬ ಅರ್ಥವೂ ಇದೆ. ಎದುರಿಗಿರುವವರ ಕಣ್ಣನ್ನು ತೀರಾ ಹತ್ತಿರದಿಂದ ನೋಡಿದರೆ ನಮ್ಮದೇ ಪುಟ್ಟ ರೂಪ ಅದರಲ್ಲಿ ಕಾಣುತ್ತದೆ, ಅಲ್ವಾ? ಕಣ್ಣು ಒದ್ದೆಯಾಗಿ, ಉಬ್ಬಿ, ಹೊಳೆಯುವುದರಿಂದ ಹಾಗೆ ಕಾಣುತ್ತದೆ. ನಿಜವೆನಿಸುವ ಗೊಂಬೆ ಮಾಡಲು ಹೊರಟವರು ಸುಮಾರು ಇನ್ನೂರು ವರ್ಷಗಳಿಂದ ಈ ಹೊಳಪಿನ ಬೆನ್ನು ಹತ್ತಿದ್ದಾರೆ.

ದಸರೆಗೆ ಕೂರಿಸುವ ಪಟ್ಟದ ಗೊಂಬೆಗಳಿಗೆ ಕಣ್ಣನ್ನು ಬಣ್ಣದಲ್ಲಿ ಬರೆಯುತ್ತಾರೆ. ನನಗೆ ಆ ಕಣ್ಣುಗಳೆಂದರೆ ತುಂಬಾ ಇಷ್ಟ. ಆದರೆ ಅಲ್ಲಿ ಬಣ್ಣ ಮೇಲೆಯೇ ಇರುತ್ತದೆ. ನಿಜವಾದ ಕಣ್ಣಿನಲ್ಲಿ ಬಣ್ಣ ಒಳಗಿದೆ. ಮುಂದೆ ಗುಮ್ಮಟದಂತೆ ಉಬ್ಬಿದ ಪಾರದರ್ಶಕ ಪೊರೆ, ಅದರ ಹಿಂದೆ ನೀರು, ಆ ನೀರಿನ ಹಿಂದೆ ಬಣ್ಣದ ಬಳೆ. ಬೆಳಕು ಒಳಗೆ ಹೋಗಿ, ಬಾಗಿ, ಬಣ್ಣ ಮುಟ್ಟಿ ಹೊರಗೆ ಬರುತ್ತದೆ. ಕಣ್ಣಿಗೆ ಜೀವ ಕೊಡುವುದು ಈ ಆಳ. ಅದನ್ನು ಯಾವ ವಸ್ತುವಿನಲ್ಲಿ ಹಿಡಿಯುವುದು ಎಂಬ ಹುಡುಕಾಟ ಮೊದಲು ಗಾಜಿನಲ್ಲಿ ನಡೆಯಿತು.

ಜರ್ಮನಿಯ ತುರಿಂಗಿಯಾದ ಬೆಟ್ಟಗಳ ನಡುವೆ ಲೌಷಾ ಎಂಬ ಸಣ್ಣ ಊರಿದೆ. 1597ರಲ್ಲಿ ಅಲ್ಲಿ ಗಾಜಿನ ಕುಲುಮೆ ಶುರುವಾಯಿತು. ಹತ್ತಿರದ ಸೊನ್ನೆಬರ್ಗ್ ಗೊಂಬೆಗಳಿಗೆ ಹೆಸರಾದ ಪಟ್ಟಣ. ಹೀಗಾಗಿ ಲೌಷಾದವರು ಗೊಂಬೆಗಳಿಗೆ ಗಾಜಿನ ಕಣ್ಣು ಊದಿ ಕೊಡುತ್ತಿದ್ದರು. ಅವರಲ್ಲಿ ಲುಡ್ವಿಗ್ ಮ್ಯುಲ್ಲರ್-ಊರಿ ಎಂಬ ಕುಶಲಿಯೊಬ್ಬನಿದ್ದ. 1830ರ ದಶಕದಲ್ಲಿ ವುರ್ಟ್ಸ್‌ಬರ್ಗ್‌ನ ವೈದ್ಯ ಹೈನ್ರಿಶ್ ಆಡೆಲ್ಮನ್ ಜೊತೆ ಸೇರಿ ಅವನು ಮನುಷ್ಯರಿಗೂ ಕೃತಕ ಕಣ್ಣು ಮಾಡತೊಡಗಿದ. ಗೊಂಬೆಗೆ ಕಣ್ಣು ಮಾಡಿ ಪಳಗಿದ ಕೈ ಕಣ್ಣು ಕಳೆದುಕೊಂಡವರ ಮುಖಕ್ಕೆ ಆಸರೆಯಾಯಿತು! ಈ ವಿಷಯ ಓದಿದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ. 1868ರಲ್ಲಿ ಲೌಷಾದಲ್ಲೇ ಕ್ರಯೋಲೈಟ್ ಗಾಜು ಬಂತು. ಗ್ರೀನ್‌ಲ್ಯಾಂಡಿನಲ್ಲಿ ಸಿಗುತ್ತಿದ್ದ ಖನಿಜ ಬೆರೆಸಿದ ಈ ಗಾಜಿನಿಂದ ಕಣ್ಣಿನ ಬಿಳಿಗೆ ಹದವಾದ ಹಾಲುಬಣ್ಣ ಸಿಕ್ಕಿತು.

ಫ್ರಾನ್ಸಿನವರು ಆಳದ ವಿಷಯದಲ್ಲಿ ಇನ್ನೂ ಮುಂದೆ ಹೋದರು. ಅಲ್ಲಿನ ಝ್ಯುಮೋ ಕಂಪನಿಯ ಪಿಂಗಾಣಿ ಗೊಂಬೆಗಳ ಕಣ್ಣು ನೋಡಬೇಕು. ಎಳೆಎಳೆಯಾದ ಬಣ್ಣದ ಗಾಜು, ಅದರ ಮೇಲೆ ದಪ್ಪನೆಯ ಸ್ವಚ್ಛ ಗಾಜಿನ ಉಬ್ಬು. ಮೇಜಿನ ಮೇಲೆ ಕಾಗದ ಹಾರದಂತೆ ಇಡುವ ಗಾಜಿನ ಗುಂಡು ಇರುತ್ತದಲ್ಲ, ಅದನ್ನು ಹೋಲುವುದರಿಂದ ಇದಕ್ಕೆ 'ಪೇಪರ್‌ವೇಟ್ ಕಣ್ಣು' ಎಂದು ಹೆಸರು. ಇಂದಿನ ರೆಸಿನ್ (ದ್ರವವಾಗಿ ಎರೆದು ಗಟ್ಟಿಯಾಗಿಸುವ ಪ್ಲಾಸ್ಟಿಕ್) ಕಣ್ಣಿಗೆ ಮಾದರಿ ಇದೇ.

ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಗಾಜು ಅಮೆರಿಕಕ್ಕೆ ಬರುವುದು ನಿಂತುಹೋಯಿತು. ಇತ್ತ ಗಾಯಾಳು ಸೈನಿಕರಿಗೆ ಕಣ್ಣು ಬೇಕಿತ್ತು. ಆಗ ಸೇನೆಯ ದಂತ ವಿಭಾಗದವರು ಹಲ್ಲಿನ ಸೆಟ್ ಮಾಡುವ ಅಕ್ರಿಲಿಕ್ಕನ್ನೇ ಕಣ್ಣಿಗೂ ಬಳಸಿದರು. ಒಳಗೆ ಬಣ್ಣ ಬರೆದ ಬಿಲ್ಲೆ, ಮೇಲೆ ಪಾರದರ್ಶಕ ಪ್ಲಾಸ್ಟಿಕ್. ಊದುವ ಕೆಲಸ ಅಚ್ಚಿನ ಕೆಲಸವಾಯಿತು. ಗೊಂಬೆಗಳಿಗೂ ಪ್ಲಾಸ್ಟಿಕ್ ಕಣ್ಣು ಬಂತು.

1999ರಲ್ಲಿ ಜಪಾನಿನ ವೋಕ್ಸ್ ಕಂಪನಿ 'ಸೂಪರ್ ಡಾಲ್ಫಿ' ಗೊಂಬೆಗಳನ್ನು ಹೊರತಂದಿತು. ಇವುಗಳ ತಲೆಯ ಹಿಂಭಾಗ ತೆಗೆದು ಕಣ್ಣನ್ನು ಬದಲಿಸಬಹುದು. ಕಣ್ಣು ಬದಲಿಸಲು ಬರುತ್ತದೆ ಅಂದ ಮೇಲೆ ತನ್ನದೇ ಕಣ್ಣು ಮಾಡಿ ಹಾಕುವ ಆಸೆ ಬಾರದೆ ಇರುತ್ತದೆಯೇ? ಕುಲುಮೆ ಮನೆಯಲ್ಲಿ ಇಡಲಾಗದು. ರೆಸಿನ್ ಆದರೆ ಅಡುಗೆಮನೆಯ ಮೇಜಿನಷ್ಟು ಜಾಗ ಸಾಕು.

ಮೊದಲು ನಯವಾದ ಕಣ್ಣಿನ ಮಾದರಿಯೊಂದರಿಂದ ಸಿಲಿಕೋನ್ ಅಚ್ಚು ತೆಗೆಯುತ್ತಾರೆ. ಮಾದರಿಯಲ್ಲಿ ಸಣ್ಣ ಗೀರಿದ್ದರೂ ಅದು ಪ್ರತಿ ಕಣ್ಣಿಗೂ ಇಳಿಯುತ್ತದೆ. ಬಿಳಿ ರೆಸಿನ್ನಿನ ಗುಡ್ಡೆ ಎರೆದು, ಅದರ ಗುಳಿಯಲ್ಲಿ ಬಣ್ಣದ ಬಳೆಯನ್ನು ಪಾಪೆಯಿಂದ ಅಂಚಿಗೆ ಎಳೆಎಳೆಯಾಗಿ ಬರೆಯುತ್ತಾರೆ. ಅಂಚು ತುಸು ಗಾಢವಾಗಿರಬೇಕು. ಮೇಲೆ ಸ್ವಚ್ಛ ರೆಸಿನ್ನಿನ ಗುಮ್ಮಟ. ಅದು ಭೂತಗನ್ನಡಿಯಂತೆ ಬಣ್ಣವನ್ನು ದೊಡ್ಡದಾಗಿ ತೋರಿಸುತ್ತದೆ. ಹಾಗಾಗಿ ಬಳೆಯನ್ನು ಬೇಕಾದ ಅಳತೆಗಿಂತ ಸ್ವಲ್ಪ ಸಣ್ಣದಾಗಿಯೇ ಬರೆಯಬೇಕು. ಗುಳ್ಳೆಯೊಂದು ಉಳಿದರೂ ಕಣ್ಣು ಕೆಟ್ಟಿತು. ಎಪಾಕ್ಸಿ ಎಂಬ ಎರಡು ದ್ರವ ಬೆರೆಸುವ ರೆಸಿನ್ ಗಟ್ಟಿಯಾಗಲು ಸುಮಾರು ಒಂದು ದಿನವೇ ಬೇಕು. ಯುವಿ ರೆಸಿನ್ ಅತಿನೇರಳೆ (ಯುವಿ) ದೀಪದ ಕೆಳಗೆ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಹಸಿ ರೆಸಿನ್ ಚರ್ಮಕ್ಕೆ ಅಲರ್ಜಿ ತರಬಹುದು. ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿಡಿ, ಗಟ್ಟಿಯಾದ ಕಣ್ಣನ್ನು ನಯ ಮಾಡಲು ಉಜ್ಜುವಾಗ ಮಾಸ್ಕ್ ಮರೆಯಬೇಡಿ.

ಅಳತೆಯಲ್ಲೂ ಒಂದು ಗುಟ್ಟಿದೆ. ದೊಡ್ಡವರ ಕಣ್ಣುಗುಡ್ಡೆ ಸುಮಾರು 24 ಮಿ.ಮೀ., ಬಣ್ಣದ ಬಳೆ ಸುಮಾರು 12. ಅಂದರೆ ಅರ್ಧ. ಹುಟ್ಟಿದ ಮಗುವಿನ ಗುಡ್ಡೆ ಸುಮಾರು 17 ಮಿ.ಮೀ., ಬಳೆ ಆಗಲೇ ಸುಮಾರು 10. ಕೂಸಿನ ಕಣ್ಣು ಅಷ್ಟು ತುಂಬಿ ಕಾಣುವುದು ಅದಕ್ಕೇ. ಮಗುವಿನ ಗೊಂಬೆಗೆ ದೊಡ್ಡವರ ಲೆಕ್ಕದ ಕಣ್ಣು ಹಾಕಿದರೆ ಮುಖ ಸುಮ್ನೆ ಬೆದರಿದಂತೆ ಕಾಣುತ್ತದೆ.

ರೆಸಿನ್ನಿಗೆ ಇನ್ನೂ ಒಂದು ಕೊರತೆ ಉಳಿದಿದೆ. ಬಿಸಿಲು ತಾಗಿದರೆ ಅದು ಹಳದಿಗೆ ತಿರುಗುತ್ತದೆ. ಹಳದಿಯಾಗುವುದನ್ನು ತಡೆಯುವ ಅಂಶ ಬೆರೆಸಿದರೂ ವೇಗ ತಗ್ಗುತ್ತದೆ ಅಷ್ಟೇ. ಕೈಯಲ್ಲಿ ಮಾಡುವವರು ಅದಕ್ಕೇ ಕಣ್ಣುಗಳನ್ನು ಕತ್ತಲೆ ಡಬ್ಬಿಯಲ್ಲಿ ಎತ್ತಿಡುತ್ತಾರೆ. 1880ರ ದಶಕದ ಫ್ರೆಂಚ್ ಗೊಂಬೆಗಳ ಗಾಜಿನ ಕಣ್ಣು ಮಾತ್ರ ಇವತ್ತಿಗೂ ತಿಳಿಯಾಗಿದೆ.