ದೂರದ ಲಿನಕ್ಸ್ ಪರದೆಗೆ ಎಸ್‌ಎಸ್‌ಎಚ್ ಸುರಂಗ

"ಸರ್ವರ್‌ಗೆ ವಿಎನ್‌ಸಿ ಹಾಕಿದ್ದೇನೆ, ಫೈರ್‌ವಾಲ್‌ನಲ್ಲಿ 5901 ಪೋರ್ಟ್ ತೆರೆದಿದ್ದೇನೆ, ಪಾಸ್‌ವರ್ಡ್ ಕೂಡ ಇದೆ. ಸಾಕಲ್ವಾ?" ದೂರದ ಕಂಪ್ಯೂಟರ್‌ನ ಪರದೆಯನ್ನು ನಮ್ಮ ಮುಂದೆ ತಂದು ಬಳಸಲು ಬಿಡುವ ವಿಎನ್‌ಸಿ ತಂತ್ರಾಂಶದ ಬಗ್ಗೆ ಹೀಗೆ ಕೇಳುವವರು ಜಾಸ್ತಿ. ಪೋರ್ಟ್ ಅಂದರೆ ನೆಟ್‌ವರ್ಕ್‌ನಿಂದ ಅದರೊಳಗೆ ಬರುವ ಬಾಗಿಲು. ಸಾಲದು. ಮೊದಲು ಆ ಪೋರ್ಟ್ ಮುಚ್ಚಿ, ಆಮೇಲೆ ಮಾತಾಡೋಣ ಎನ್ನುತ್ತೇನೆ.

ವಿಎನ್‌ಸಿಯ ಹಳೆಯ ಪಾಸ್‌ವರ್ಡ್ ಪದ್ಧತಿ ಈಗಲೂ ಬಹಳ ಕಡೆ ಬಳಕೆಯಲ್ಲಿದೆ. ಅದು ಮೊದಲ 8 ಅಕ್ಷರಗಳನ್ನು ಮಾತ್ರ ನೋಡುತ್ತದೆ. ನೀವು 20 ಅಕ್ಷರ ಇಟ್ಟರೂ ಉಳಿದ 12 ಲೆಕ್ಕಕ್ಕೇ ಇಲ್ಲ. ಒಳಗೆ ಹೋದ ಮೇಲಿನ ಕಥೆ ಇನ್ನೂ ಕೆಟ್ಟದು. ಪರದೆಯ ಚಿತ್ರ, ನೀವು ಒತ್ತುವ ಒಂದೊಂದು ಕೀ, ಎಲ್ಲವೂ ಎನ್‌ಕ್ರಿಪ್ಟ್ ಆಗದೆ, ಅಂದರೆ ನಡುವೆ ಯಾರು ಬೇಕಾದರೂ ಓದುವಂತೆ, ಹರಿಯುತ್ತದೆ. ಆ ಪರದೆಯಲ್ಲಿ ನೀವು ಬೇರೆ ಯಾವುದೋ ಪಾಸ್‌ವರ್ಡ್ ಟೈಪ್ ಮಾಡಿದರೆ ಅದೂ ಹೋಯಿತು. ಟಿಎಲ್‌ಎಸ್ ಎಂಬ ಎನ್‌ಕ್ರಿಪ್ಶನ್ ಇರುವ ವಿಎನ್‌ಸಿಗಳೂ ಇವೆ, ನಿಜ. ಆದರೂ ಹೊರಜಗತ್ತಿಗೆ ಇನ್ನೊಂದು ಬಾಗಿಲು ಯಾಕೆ ತೆರೆಯಬೇಕು?

ದೂರದ ಯಂತ್ರಕ್ಕೆ ಎನ್‌ಕ್ರಿಪ್ಟ್ ಆದ ದಾರಿಯಲ್ಲಿ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಹುಟ್ಟಿದ್ದೇ ಇಂಥ ತೊಂದರೆಯಿಂದ. 1995ರಲ್ಲಿ ಫಿನ್ಲೆಂಡ್‌ನ ತಾತು ಇಲೋನೆನ್ ಅದನ್ನು ಬರೆದದ್ದು, ತಮ್ಮ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಪಾಸ್‌ವರ್ಡ್ ಕದ್ದು ಕೇಳುತ್ತಿದ್ದರು ಎಂಬ ಕಾರಣಕ್ಕೆ. ವಿಎನ್‌ಸಿಯನ್ನು ಅದರೊಳಗೇ ಸಾಗಿಸಿ.

ಮೊದಲು, ವಿಎನ್‌ಸಿ ಸರ್ವರ್ ಲೋಕಲ್‌ಹೋಸ್ಟ್‌ನಲ್ಲಿ, ಅಂದರೆ ಆ ಯಂತ್ರ ತನ್ನನ್ನೇ ಕರೆದುಕೊಳ್ಳುವ 127.0.0.1 ವಿಳಾಸದಲ್ಲಿ ಮಾತ್ರ, ಕೇಳುವಂತೆ ಮಾಡಿ. ಆಗ ಹೊರಗಿನಿಂದ ಯಾರೂ ಅದನ್ನು ನೇರವಾಗಿ ಮುಟ್ಟಲಾರರು. ಆಮೇಲೆ ನಿಮ್ಮ ಕಂಪ್ಯೂಟರ್‌ನಿಂದ ಎಸ್‌ಎಸ್‌ಎಚ್ ಕಮಾಂಡ್‌ಗೆ 'ಮೈನಸ್ ದೊಡ್ಡ ಎಲ್' (-L) ಸೇರಿಸಿ. ಅದರ ಮುಂದೆ ಮೂರು ಭಾಗ, ನಡುನಡುವೆ ಕೋಲನ್: 5910, ಲೋಕಲ್‌ಹೋಸ್ಟ್, 5901. ಎಲ್ಲರೂ ಎಡವುವುದು ಇಲ್ಲೇ. ಮೊದಲ ಅಂಕಿ ನಿಮ್ಮ ಕಂಪ್ಯೂಟರ್‌ನ ಪೋರ್ಟ್. ನಡುವಿನ ಲೋಕಲ್‌ಹೋಸ್ಟ್ ಮಾತ್ರ ನಿಮ್ಮದಲ್ಲ, ದೂರದ ಯಂತ್ರದ್ದು. ಸುರಂಗದ ಆ ತುದಿಯಲ್ಲಿ ನಿಂತು ನೋಡಿದರೆ 'ಲೋಕಲ್' ಅಂದರೆ ಆ ಯಂತ್ರವೇ ಅಲ್ವಾ? ಅಷ್ಟು ಮನಸ್ಸಿಗೆ ಹತ್ತಿದರೆ ಉಳಿದದ್ದು ಸಲೀಸು. ನಿಮ್ಮ ಕಂಪ್ಯೂಟರ್‌ನ ವಿಎನ್‌ಸಿ ವ್ಯೂವರ್‌ನಲ್ಲಿ ನಿಮ್ಮದೇ ಲೋಕಲ್‌ಹೋಸ್ಟ್‌ನ 5910ಕ್ಕೆ ಕನೆಕ್ಟ್ ಆಗಿ, ದೂರದ ಡೆಸ್ಕ್‌ಟಾಪ್ ತೆರೆದುಕೊಳ್ಳುತ್ತದೆ.

ಈಗ ಇಡೀ ಭಾರ ಎಸ್‌ಎಸ್‌ಎಚ್ ಮೇಲೆ ಬಿತ್ತು. ಹಾಗಾಗಿ ಅಲ್ಲಿ ಪಾಸ್‌ವರ್ಡ್ ಬದಲು ಕೀ ಜೋಡಿ ಬಳಸಿ: ಗುಟ್ಟಿನ ಕೀ ನಿಮ್ಮ ಬಳಿ, ಅದರ ಜೋಡಿ ಸರ್ವರ್‌ನಲ್ಲಿ. ಕೀಯಿಂದ ಲಾಗಿನ್ ಆಗುತ್ತಿದೆ ಎಂದು ಇನ್ನೊಂದು ಟರ್ಮಿನಲ್‌ನಲ್ಲಿ ನೋಡಿಕೊಂಡ ಮೇಲಷ್ಟೇ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ. ಅವಸರ ಮಾಡಿದರೆ ನೀವೇ ಹೊರಗೆ ಉಳಿಯುತ್ತೀರಿ. ಮೊದಲ ಸಲ ಕನೆಕ್ಟ್ ಆಗುವಾಗ ತೋರಿಸುವ ಫಿಂಗರ್‌ಪ್ರಿಂಟ್‌ಗೆ (ಸರ್ವರ್‌ನ ಕೀಯ ಗುರುತು) ಸುಮ್ನೆ 'ಯೆಸ್' ಒತ್ತಬೇಡಿ, ಸರ್ವರ್‌ನಲ್ಲಿರುವುದರ ಜೊತೆ ಹೋಲಿಸಿ.

ಒಂದೇ ಒಂದು ಕಿಟಕಿ ಸಾಕು ಎನ್ನುವವರಿಗೆ ಎಕ್ಸ್ ಫಾರ್ವರ್ಡಿಂಗ್ ಇದೆ, ಅದು ದೂರದ ಪ್ರೋಗ್ರಾಂನ ಕಿಟಕಿಯನ್ನಷ್ಟೇ ಎಸ್‌ಎಸ್‌ಎಚ್ ಮೂಲಕ ನಿಮ್ಮ ಪರದೆಗೆ ತರುತ್ತದೆ. ದೂರದ ಸಂಪರ್ಕದಲ್ಲಿ ಅದು ತುಂಬಾ ನಿಧಾನ. ಅದರ 'ಮೈನಸ್ ದೊಡ್ಡ ವೈ' (-Y) ಆಯ್ಕೆ ಮಾತ್ರ ನಂಬಿಕೆಯ ಯಂತ್ರಕ್ಕೇ ಇರಲಿ. ಅದನ್ನು ಕೊಟ್ಟರೆ ಅಲ್ಲಿನ ಪ್ರೋಗ್ರಾಂ ನಿಮ್ಮ ಕೀಬೋರ್ಡನ್ನೂ ಗಮನಿಸಬಹುದು.

ಕೊನೆಗೆ ಸರ್ವರ್‌ನಲ್ಲಿ ಯಾವ ಪೋರ್ಟ್ ಎಲ್ಲಿ ಕೇಳುತ್ತಿದೆ ಎಂದು 'ಎಸ್‌ಎಸ್' (ss) ಕಮಾಂಡ್‌ನಿಂದ ನೋಡಿ. 5901ರ ಹಿಂದೆ 127.0.0.1 ಇದ್ದರೆ ಸರಿ. 0.0.0.0, ಅಂದರೆ ಯಂತ್ರದ ಎಲ್ಲ ವಿಳಾಸಗಳೂ, ಇದ್ದರೆ ಸುರಂಗ ಇದ್ದರೂ ಬಾಗಿಲು ಇನ್ನೂ ತೆರೆದೇ ಇದೆ.